‘ಎಲ್ಲರಿಗೂ ಇರುತ್ತೆ ಬಿಡಿ’ ಅಂದುಬಿಟ್ಟರೆ ಮುಗೀತಾ?

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಸೋದರಮಾವನ ಹೆಲ್ತ್ ಚೆಕಪ್ ರಿಪೋರ್ಟು ಮನೆಯ ವಾಟ್ಸಾಪ್ ಗ್ರೂಪಿಗೆ ಬಂತು. ದಪ್ಪಕ್ಷರದಲ್ಲಿ ಇದ್ದದ್ದಕ್ಕೆಲ್ಲ ಕೆಂಪು ಸುತ್ತು ಹಾಕಿ ಒಬ್ಬೊಬ್ಬರೂ ವಾಪಸ್ ಕಳಿಸಿದ್ದೇ ಕಳಿಸಿದ್ದು. ಇಯೋಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಒಂಚೂರು ಜಾಸ್ತಿ, ಎಂಸಿವಿ (ಕೆಂಪು ರಕ್ತಕಣದ ಗಾತ್ರ) ಒಂಚೂರು ಕಮ್ಮಿ. ಅತ್ತೆ ಅಳೋದಕ್ಕೇ ಶುರು ಮಾಡಿದರು. ಕೊನೇ ಪುಟದಲ್ಲಿ ಸ್ಕ್ಯಾನಿಂಗ್ ರಿಪೋರ್ಟು, ‘ಗ್ರೇಡ್ 1 ಫ್ಯಾಟಿ ಲಿವರ್’ ಅಂತ, ಅಂದರೆ ಲಿವರಿನಲ್ಲಿ ಕೊಬ್ಬು ಸೇರಿಕೊಂಡಿದೆ. ಅದರ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಯಾಕಂದ್ರೆ ಡಾಕ್ಟರು ಹೇಳಿ ಕಳಿಸಿದ್ದಾರೆ: "ಎಲ್ಲರಿಗೂ ಇರುತ್ತೆ ಬಿಡಿ, ಎಣ್ಣೆ ಕಮ್ಮಿ ಮಾಡಿ." ಜೊತೆಗೆ ಒಂದು ಲಿವರ್ ಸಿರಪ್.

ಎಲ್ಲರಿಗೂ ಇರುತ್ತೆ ಅನ್ನೋದು ಹೆಚ್ಚುಕಮ್ಮಿ ನಿಜವೇ. ದೇಶದಲ್ಲಿ ನಡೆದ ಹಲವಾರು ಅಧ್ಯಯನಗಳನ್ನು ಒಟ್ಟು ಮಾಡಿ ಏಮ್ಸ್ ವೈದ್ಯರು 2022ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ವಯಸ್ಕರಲ್ಲಿ ಸುಮಾರು ಶೇ. 38 ಮಂದಿಗೆ ಇದೆ. ಬಿಪಿ, ಶುಗರ್ರೂ ಮನೆಮನೆಯಲ್ಲಿ ಇವೆಯಲ್ಲ, ಅವನ್ನು ‘ಬಿಡಿ’ ಅಂತೀವಾ?

ಮೊದಲು ಆ ದಪ್ಪಕ್ಷರದ ವಿಷಯ. ಆರೋಗ್ಯವಾಗಿರೋ ನೂರು ಜನರಲ್ಲಿ 95 ಮಂದಿಯ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಬರುತ್ತೋ, ಸಾಮಾನ್ಯವಾಗಿ ಅದನ್ನೇ ‘ನಾರ್ಮಲ್’ ಅಂತ ಇಟ್ಟುಕೊಳ್ಳೋದು. ಉಳಿದ ಐದು ಜನ ಆರೋಗ್ಯವಾಗಿದ್ದೂ ಗೆರೆಯ ಆಚೆ. ಅರವತ್ತು ಎಪ್ಪತ್ತು ಟೆಸ್ಟು ಒಟ್ಟಿಗೆ ಮಾಡಿಸಿದರೆ ಒಂದೆರಡಾದರೂ ದಪ್ಪಕ್ಷರ ಬಂದೇ ಬರುತ್ತೆ. ಅತ್ತೆ ಅತ್ತಿದ್ದು ಅದಕ್ಕೆ. ಅಳಬೇಕಿರಲಿಲ್ಲ. ಆದರೆ ಅದನ್ನು ಅವರಿಗೆ ಬಿಡಿಸಿ ಹೇಳೋರು ಯಾರಿದ್ದರು?

ಈಗ ನೋಡಬೇಕಾಗಿದ್ದ ಅಂಕಿಗಳು. ಮಾವನಿಗೆ 52 ವರ್ಷ. ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರೋ ಎರಡು ಕಿಣ್ವಗಳಲ್ಲಿ ಎಸ್‌ಜಿಒಟಿ 49, ಎಸ್‌ಜಿಪಿಟಿ 61. ರಕ್ತ ಹೆಪ್ಪುಗಟ್ಟಿಸೋ ಕಣ ಪ್ಲೇಟ್‌ಲೆಟ್ 1.6 ಲಕ್ಷ. ಪ್ಲೇಟ್‌ಲೆಟ್ ನಾರ್ಮಲ್ ಒಳಗೇ ಇದೆ, ಹಾಗಾಗಿ ಅದಕ್ಕೆ ಯಾರೂ ಸುತ್ತು ಹಾಕಿಲ್ಲ. ಆದರೆ ಈ ನಾಲ್ಕನ್ನೂ ಸೇರಿಸಿ ಫಿಬ್-4 ಅಂತ ಒಂದು ಲೆಕ್ಕ ಇದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಬಂದದ್ದನ್ನು ಸಾವಿರದ ಲೆಕ್ಕದ ಪ್ಲೇಟ್‌ಲೆಟ್ಟಿನಿಂದಲೂ (ಮಾವನದು 160) ಎಸ್‌ಜಿಪಿಟಿಯ ವರ್ಗಮೂಲದಿಂದಲೂ ಭಾಗಿಸೋದು. 1.3ಕ್ಕಿಂತ ಕಮ್ಮಿ ಬಂದರೆ ಗಾಯದ ಕಲೆಯಿಂದ ಲಿವರ್ ಹೆಚ್ಚು ಗಟ್ಟಿಯಾಗಿರೋ ಸಾಧ್ಯತೆ ಕಡಿಮೆ. 2.67 ದಾಟಿದರೆ ಲಿವರ್ ತಜ್ಞರ ಹತ್ತಿರ ಹೋಗಲೇಬೇಕು. ಮಾವನದು 2.04. ನಡುವೆ ಬಿದ್ದಿದೆ ಅಂದರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಸ್ಕ್ಯಾನ್) ಮಾಡಿಸಿ ನೋಡಬೇಕು. ಹೊಸ ರಕ್ತ ಬೇಡ, ಹೊಸ ದುಡ್ಡು ಬೇಡ, ಎಲ್ಲ ಅದೇ ರಿಪೋರ್ಟಿನಲ್ಲಿ ಇತ್ತು. ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಒಂದು ನಿಮಿಷದ ಕೆಲಸ.

ಗ್ರೇಡ್ 1 ಅಲ್ವಾ, ಶುರುವಿನದು ಅಂತ ಸಮಾಧಾನ ಮಾಡಿಕೊಳ್ಳೋರಿಗೂ ಹೇಳ್ತೀನಿ. ಸ್ಕ್ಯಾನಿಂಗಿನ ಗ್ರೇಡು ಕೊಬ್ಬು ಎಷ್ಟಿದೆ ಅಂತ ಹೇಳುತ್ತೆ, ಗಾಯದ ಕಲೆ ಎಷ್ಟಿದೆ ಅಂತ ಅಲ್ಲ. ಲಿವರನ್ನು ಗಟ್ಟಿ ಮಾಡೋದು ಆ ಕಲೆ. ಎಸ್‌ಜಿಪಿಟಿ ಪೂರ್ತಿ ನಾರ್ಮಲ್ ಇದ್ದವರಲ್ಲೂ ಅದು ಇರಬಹುದು.

"ಡಾಕ್ಟರಿಗೆ ದಿನಕ್ಕೆ ನೂರು ಪೇಷಂಟು, ಎಲ್ಲರನ್ನೂ ಹೆದರಿಸೋಕಾಗುತ್ತಾ?" ಅಂದ ನನ್ನ ತಮ್ಮ. ಹೆದರಿಸಿ ಅಂತ ಯಾರು ಕೇಳಿದರು? ಫ್ಯಾಟಿ ಲಿವರ್ ಇರೋ ಬಹುಪಾಲು ಜನರಿಗೆ ಸಿರೋಸಿಸ್ (ಕಲೆ ತುಂಬಿ ಲಿವರ್ ಕೆಟ್ಟುಹೋಗೋದು) ಆಗೋದಿಲ್ಲ, ಅದನ್ನೂ ಹೇಳಲಿ. ಆದರೆ ಯಾರಿಗೆ ಆಗಬಹುದು ಅಂತ ಜರಡಿ ಹಿಡಿಯೋ ಆ ಒಂದು ನಿಮಿಷವನ್ನೂ ‘ಬಿಡಿ’ ನುಂಗಿಹಾಕಬಾರದು.

ಇಷ್ಟು ಹತ್ತಿಕೊಂಡು ಉರಿಯೋಕೆ ಕಾರಣ ಇದೆ. ನಮ್ಮ ಚಿಕ್ಕಮ್ಮ ಹೋಗಿದ್ದು ಸಿರೋಸಿಸ್‌ನಿಂದ. ಶುಗರ್ ಇತ್ತು, ಸೊಂಟ ದಪ್ಪ ಇತ್ತು, ಹೆಂಡದ ವಾಸನೆಯನ್ನೂ ಕಂಡವರಲ್ಲ. ಹೊಟ್ಟೆಯಲ್ಲಿ ನೀರು ತುಂಬಿಕೊಂಡಾಗ ಸಂಬಂಧಿಕರೇ ಕದ್ದು ಕುಡೀತಿದ್ದಳೇನೋ ಅಂತ ಪಿಸುಗುಟ್ಟಿದರು. ಅದು ಚಿಕ್ಕಮ್ಮನ ಕಿವಿಗೂ ಬಿತ್ತು. ಅವರ ಹಳೇ ಸ್ಕ್ಯಾನಿಂಗ್ ರಿಪೋರ್ಟಿನಲ್ಲೂ ಫ್ಯಾಟಿ ಲಿವರ್ ಅಂತ ಬರೆದಿತ್ತು. ಅವರಿಗೂ ಯಾರೋ ‘ಬಿಡಿ’ ಅಂದಿದ್ದರು.

ಎಣ್ಣೆ ಕಮ್ಮಿ ಮಾಡಿ ಅಂದದ್ದೂ ಅರ್ಧ ಮಾತು. ಮಾವ ಊಟಕ್ಕೆ ಕೂತರೆ ಸಾರಿಗೆ ಎರಡು ಸಲ, ಮಜ್ಜಿಗೆಗೆ ಒಂದು ಸಲ ಅನ್ನ. ದಿನಕ್ಕೆ ನಾಲ್ಕು ಲೋಟ ಸಿಹಿ ಕಾಫಿ. ಮೈಗೆ ಬೇಡವಾದ ಅನ್ನ, ಸಕ್ಕರೆಯನ್ನೂ ಲಿವರ್ ಕೊಬ್ಬಾಗಿ ಮಾಡಿ ಇಟ್ಟುಕೊಳ್ಳುತ್ತೆ. ತೂಕದಲ್ಲಿ ಶೇ. 5 ಇಳಿದರೆ ಆ ಕೊಬ್ಬು ಕರಗೋಕೆ ಶುರುವಾಗುತ್ತೆ, ಶೇ. 7ರಿಂದ 10 ಇಳಿದರೆ ಉರಿಯೂತವೂ ತಗ್ಗುತ್ತೆ. ಈ ಕೆಲಸ ಮಾಡುತ್ತೆ ಅಂತ ಸಾಬೀತಾದ ಸಿರಪ್ ಯಾವುದೂ ಇಲ್ಲ. ಗ್ರೂಪಿನಲ್ಲಿ ಅಮೃತಬಳ್ಳಿ ಕಷಾಯ ಸೂಚಿಸಿದವರೇ, ದಯವಿಟ್ಟು ಬೇಡ. ಕೋವಿಡ್ ಕಾಲದಲ್ಲಿ ಅದನ್ನು ಕುಡಿದು ಲಿವರಿಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲೇ ವರದಿ ಮಾಡಿದ್ದಾರೆ.

ನಾಳೆ ಮಾವನ ಜೊತೆ ನಾನೇ ಹೋಗ್ತಿದ್ದೀನಿ. ಫೈಬ್ರೋಸ್ಕ್ಯಾನಿಗೆ ಬರೆದುಕೊಡಿ, ಹೆಪಟೈಟಿಸ್ ಬಿ ಮತ್ತು ಸಿ ಟೆಸ್ಟೂ ಮಾಡಿಸಿ ಅಂತ ಕೇಳ್ತೀನಿ. ನಿಮ್ಮ ಮನೆಯಲ್ಲೂ ಇಂಥ ರಿಪೋರ್ಟು ಬೀರುವಿನಲ್ಲಿ ಬಿದ್ದಿದ್ದರೆ ಇವತ್ತು ತೆಗೆದು ಆ ಲೆಕ್ಕ ಮಾಡಿ ನೋಡಿ. 1.3 ದಾಟಿದ್ದರೆ ಡಾಕ್ಟರ ಮುಂದೆ ಆ ಅಂಕಿ ಇಟ್ಟು ‘ಮುಂದೇನು?’ ಅಂತ ಕೇಳಿ.