ತಿಥಿ ಮಾಡಲು ಯಾರೂ ಉಳಿಯದವರಿಗೆ

ನಾನಿರುವ ಬರ್ಲಿನ್ನಿನ ಕ್ರೌಸ್ನಿಕ್‌ಸ್ಟ್ರಾಸೆ ಎಂಬ ಬೀದಿಯಲ್ಲಿ ರೆಗೀನಾ ಯೋನಾಸ್ ನೆನಪಿಗೆ ಒಂದು ಫಲಕವಿದೆ. ಅವರ ಮನೆ ಇದ್ದದ್ದು ಅಲ್ಲೇ. ಯಹೂದಿಗಳಲ್ಲಿ ರಬ್ಬಿಯಾಗಿ, ಅಂದರೆ ಧರ್ಮಗುರುವಾಗಿ ದೀಕ್ಷೆ ಪಡೆದ ಮೊದಲ ಹೆಂಗಸು ಅವರು. ಅದು 1935ರ ಡಿಸೆಂಬರ್. ಹೆಂಗಸು ರಬ್ಬಿಯಾಗಬಹುದು ಎಂದು ಶಾಸ್ತ್ರವನ್ನೇ ಹಿಡಿದು ಪ್ರಬಂಧ ಬರೆದು ವಾದಿಸಿದ್ದರು. 1942ರಲ್ಲಿ ನಾಜಿಗಳು ಅವರನ್ನೂ ತಾಯಿಯನ್ನೂ ಟೆರೆಜೀನ್‌ ಶಿಬಿರಕ್ಕೆ ಸಾಗಿಸಿದರು. ಅಲ್ಲೂ ಸುಮ್ಮನೆ ಕೂರಲಿಲ್ಲ. ರೈಲಿಳಿದು ಕಂಗೆಟ್ಟು ನಿಂತವರಿಗೆ ಧೈರ್ಯ ಹೇಳಿದರು, ಉಪನ್ಯಾಸ ಕೊಟ್ಟರು. 1944ರ ಅಕ್ಟೋಬರ್‌ನಲ್ಲಿ ಔಶ್ವಿಟ್ಜ್‌ಗೆ ಒಯ್ದು ಕೊಂದರು. ಯಾವ ದಿನ ಎಂದು ಖಚಿತವಿಲ್ಲ.

ಯಹೂದಿಗಳಲ್ಲೂ ತಿಥಿ ಇದೆ. ಯಾರ್‌ಟ್ಸೈಟ್ ಎನ್ನುತ್ತಾರೆ. ನಮ್ಮ ಹಾಗೆಯೇ ಚಂದ್ರನ ಲೆಕ್ಕ, ಹಾಗಾಗಿ ಇಂಗ್ಲಿಷ್ ತಾರೀಖು ಪ್ರತಿವರ್ಷ ಬದಲಾಗುತ್ತದೆ. ಇಡೀ ದಿನ ದೀಪ ಉರಿಯುತ್ತದೆ, ಮಕ್ಕಳು ಕದ್ದೀಶ್ ಎಂಬ ಪ್ರಾರ್ಥನೆ ಹೇಳುತ್ತಾರೆ. ರೆಗೀನಾಗೆ ಮಕ್ಕಳಿರಲಿಲ್ಲ. ತಾರೀಖೂ ಇಲ್ಲ.

ಸತ್ತ ದಿನ ಗೊತ್ತಿಲ್ಲದಿದ್ದರೆ ನಾವು ಮಹಾಲಯ ಅಮಾವಾಸ್ಯೆಗೆ ಮಾಡುತ್ತೇವೆ, ಅಲ್ವಾ? ದಿಕ್ಕಿಲ್ಲದವರಿಗೂ ಆವತ್ತು ಎಳ್ಳುನೀರು ಬಿಡುತ್ತೇವೆ. ದೊಡ್ಡ ಮನಸ್ಸಿನ ಪದ್ಧತಿ ಅದು. ಆದರೆ ಆ ದಿಕ್ಕಿಲ್ಲದವರಿಗೆ ಅಲ್ಲಿ ಹೆಸರಿಲ್ಲ. ರೆಗೀನಾ ವಿಷಯದಲ್ಲಿ ಯಹೂದಿಗಳು ಬೇರೆ ದಾರಿ ಹುಡುಕಿದ್ದಾರೆ. ಧರ್ಮಗ್ರಂಥದ ಓದನ್ನು ಸೃಷ್ಟಿಯ ಕಥೆಯಿಂದ ಮತ್ತೆ ಶುರು ಮಾಡುವ ಶನಿವಾರವನ್ನೇ ಅವರ ತಿಥಿ ಎಂದು ಗೊತ್ತು ಮಾಡಿಕೊಂಡಿದ್ದಾರೆ. ಯಾವ ನೆಂಟಸ್ತಿಕೆಯೂ ಇಲ್ಲದವರು ಆ ದಿನ ಅವರ ಹೆಸರೆತ್ತಿ ಕದ್ದೀಶ್ ಹೇಳುತ್ತಾರೆ. ನನಗೆ ಇದೇ ಜಾಸ್ತಿ ಸರಿ ಅನ್ನಿಸುತ್ತದೆ.

ಇದೂ ತಡವಾಗಿಯೇ ಬಂದದ್ದು. ಶಿಬಿರದಲ್ಲಿ ಅವರನ್ನು ಬಲ್ಲ ದೊಡ್ಡವರು ಕೆಲವರು ಬದುಕಿ ಬಂದಿದ್ದರು. ಅವರ ಮಾತಿನಲ್ಲಿ, ಬರಹದಲ್ಲಿ ರೆಗೀನಾ ಹೆಸರು ಬಂದದ್ದೇ ಅಪರೂಪ. ಶಿಬಿರಕ್ಕೆ ಹೋಗುವ ಮುಂಚೆ ರೆಗೀನಾ ಬಿಟ್ಟುಹೋಗಿದ್ದ ಕಾಗದಪತ್ರ ಬರ್ಲಿನ್ ಗೋಡೆ ಬಿದ್ದ ಮೇಲೆ, 1991ರಲ್ಲಿ, ಕೈಗೆ ಸಿಕ್ಕಿತು. ಅಲ್ಲಿಯವರೆಗೂ ಹೆಚ್ಚುಕಡಿಮೆ ಮರೆತೇ ಹೋಗಿದ್ದರು. ಗಂಡಸಾಗಿದ್ದರೆ ಹೀಗೆ ಮರೆಯುತ್ತಿದ್ದರೇ? ನನಗೆ ಸಿಟ್ಟು ಬರುತ್ತದೆ. ಮಗಳು ಶ್ರಾದ್ಧ ಮಾಡಬಹುದೇ ಎಂದು ನಮ್ಮ ಮನೆಗಳಲ್ಲೂ ಇನ್ನೂ ವಾದ ನಡೆಯುತ್ತಲೇ ಇದೆ.

ಹಾಗಂತ ಎಳ್ಳುನೀರು ಬಿಡುವಾಗ ನಾನು ರೆಗೀನಾ ಹೆಸರು ಹೇಳುವುದಿಲ್ಲ. ಅವರ ಧರ್ಮ ಬೇರೆ, ಅವರಿಗೆ ಅವರದೇ ಪ್ರಾರ್ಥನೆ ಇದೆ. ನಮ್ಮದೇ ವಂಶವೃಕ್ಷದಲ್ಲಿ ಗಂಡಸರ ಹೆಸರುಗಳಷ್ಟೇ ಇವೆ. ಮಕ್ಕಳಿಲ್ಲದೆ ತೀರಿಕೊಂಡ ಹೆಂಗಸರ ಹೆಸರು ಈಗ ಗೊತ್ತಿರುವುದು ನಮ್ಮ ಸೋದರತ್ತೆಗೆ ಮಾತ್ರ. ಮಹಾಲಯಕ್ಕೆ ಮುಂಚೆ ಅತ್ತೆಗೆ ಫೋನ್ ಮಾಡಿ ಎಲ್ಲವನ್ನೂ ಬರೆದುಕೊಳ್ಳುತ್ತೇನೆ.