ಒತ್ತು ಬಿದ್ದುಹೋದ ಚಿಕ್ಕಮಗಳೂರು

ಕೈಮರದ ಕಡೆ ಹೋಂಸ್ಟೇ ಇಟ್ಟಿರುವ ಯಜಮಾನರೊಬ್ಬರು ಮೊನ್ನೆ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದರು. "ಏನಪ್ಪಾ, ನಮ್ಮೂರ ಹೆಸರನ್ನೇ ತಪ್ಪು ಬರ್ದಿದ್ಯಲ್ಲ?"

ಎದೆ ಧಸಕ್ಕೆಂದಿತು. ಲ್ಯಾಪ್‌ಟಾಪ್ ತೆಗೆದು, ಅವರಿಗೆ ನಾನು ಮಾಡಿಕೊಟ್ಟ ವೆಬ್‌ಸೈಟ್ ನೋಡಿದೆ. ಎಲ್ಲ ಸರಿ ಇತ್ತು. ಅವರ ಫೋನಿನಿಂದ ಸ್ಕ್ರೀನ್‌ಶಾಟ್ ತರಿಸಿಕೊಂಡರೆ, ತಲೆಬರಹದಲ್ಲಿ ದೊಡ್ಡದಾಗಿ "ಚಿಕಮಗಳೂರು". ಅದರ ಕೆಳಗೆ "ಮುಳಯ್ಯನಗಿರಿ". ಳ ಒತ್ತು ಪೂರ್ತಿ ಮಾಯ, ಯ ಒತ್ತಿನ ಬಾಲ ಮಾತ್ರ ಅರ್ಧ ಇಣುಕುತ್ತಿತ್ತು. ರಾಜ್ಯದ ಅತಿ ಎತ್ತರದ ಬೆಟ್ಟ ಅದು, 1,930 ಮೀಟರ್. ಅದರ ಕಾಲನ್ನೇ ಕತ್ತರಿಸಿ ಕೂರಿಸಿದ್ದೆ.

ತಪ್ಪು ನನ್ನದೇ. ವೆಬ್‌ಸೈಟ್ ಮಾಡುವ ನಾವೆಲ್ಲ ತರುವ ಟೆಂಪ್ಲೇಟುಗಳು, ಅಂದರೆ ಸಿದ್ಧ ಪುಟವಿನ್ಯಾಸಗಳು, ಇಂಗ್ಲಿಷಿಗೆ ಹೊಲಿದ ಅಂಗಿ. ತಲೆಬರಹದ ಸಾಲಿನ ಎತ್ತರ ಅಕ್ಷರದ 1.1 ಅಥವಾ 1.2 ಪಟ್ಟು ಇರುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡಕ್ಕೆ ಕೆಳಗಡೆ ಒತ್ತು ಕೂರುವುದಕ್ಕೆ ಜಾಗ ಬೇಕಲ್ಲ? ಅದರ ಮೇಲೆ ಡಬ್ಬಿಯಿಂದ ಹೊರಗೆ ಚಾಚಿದ್ದನ್ನು ಮುಚ್ಚು ಅಂತ ಟೆಂಪ್ಲೇಟಿನಲ್ಲಿ ಒಂದು ಸಾಲು ಇತ್ತು. ಮೊಬೈಲಿಗೆ ಬೇರೆ ಅಳತೆ ಕೊಟ್ಟಿದ್ದರಿಂದ ಅಲ್ಲಿ ಮಾತ್ರ ಕತ್ತರಿ ಬಿದ್ದಿತ್ತು. ಈಗ ಕನ್ನಡ ಪುಟಕ್ಕೆ ತಲೆಬರಹ 1.5, ಒಳಗಿನ ಬರಹ 1.7 ಅಂತ ಮೊದಲೇ ಬರೆದುಬಿಡುತ್ತೇನೆ. ಅಕ್ಷರಗಳ ನಡುವೆ ಜಾಗ ಬಿಡುವ ಸೆಟ್ಟಿಂಗನ್ನು ಸೊನ್ನೆ ಮಾಡುತ್ತೇನೆ. ಇಂಗ್ಲಿಷಿನಲ್ಲಿ ಅದು ಸ್ಟೈಲಾಗಿ ಕಾಣುತ್ತದೆ, ಕನ್ನಡದಲ್ಲಿ ಹಲ್ಲು ಬಿದ್ದವರ ನಗುವಿನ ಹಾಗೆ.

ಇದೇ ಕೆಲಸ ಮಾಡುವ ಹಾಸನದ ಗೆಳೆಯನಿಗೆ ಈ ಕತೆ ಹೇಳಿದರೆ ನಕ್ಕ. ಅವನಿಗೇನು? ಹಾಸನ, ಬೇಲೂರು, ಹಳೇಬೀಡು, ಸಕಲೇಶಪುರ, ಆಲೂರು, ಅರಕಲಗೂಡು. ಒಂದರಲ್ಲೂ ಒತ್ತಕ್ಷರ ಇಲ್ಲ! ಚನ್ನರಾಯಪಟ್ಟಣದ ಗಿರಾಕಿ ಬರಲಿ, ಆಗ ಗೊತ್ತಾಗುತ್ತದೆ ಅಂದೆ.

ನನ್ನ ತಕರಾರು ಇರುವುದು ಇಲ್ಲೇ. ನಮ್ಮ ಜಿಲ್ಲೆಯಲ್ಲಿ ವೆಬ್‌ಸೈಟ್ ಮಾಡಿಸುವ ಎಲ್ಲರಿಗೂ ಕನ್ನಡ ಪುಟ ಬೇಕು. ಆದರೆ ಅದೂ ಒಂದು ಕೆಲಸ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಗ್ಲಿಷ್ ಪುಟಕ್ಕೆ ಮೂರು ಸಲ ತಿದ್ದುಪಡಿ, ಬಣ್ಣದ ಬಗ್ಗೆ ಮನೆಮಂದಿಯೆಲ್ಲ ಸೇರಿ ಚರ್ಚೆ. ಕನ್ನಡದ ಮಾತು ಬಂದಾಗ ಕೊನೇ ದಿನ, "ಅದನ್ನ ಟ್ರಾನ್ಸ್‌ಲೇಟಿಗೆ ಹಾಕ್ಬಿಡಿ ಸಾರ್." ಹಾಕಿದರೆ ಏನಾಗುತ್ತದೆ ಗೊತ್ತಲ್ಲ. ಮೊದಲ ಪುಟಕ್ಕೆ ಹೋಗುವ ಹೋಮ್ ಬಟನ್ "ಮನೆ" ಆಗುತ್ತದೆ. ರೂಮು ಬುಕ್ ಮಾಡುವ ಬಟನ್ "ಈಗ ಪುಸ್ತಕ" ಆಗುತ್ತದೆ. ಇಂಥದ್ದನ್ನು ನಾನೇ ಎರಡು ಸೈಟಿನಲ್ಲಿ ನೋಡಿದ್ದೇನೆ. ಹೀಗೆ ಹಾಕುವುದಕ್ಕಿಂತ ಕನ್ನಡ ಪುಟ ಇಲ್ಲದಿರುವುದೇ ವಾಸಿ ಅಂತ ನನಗೆ ಅನಿಸುತ್ತದೆ. ಬೈಯುವವರು ಬೈಯಿರಿ. "ರೂಮ್ ಬುಕ್ ಮಾಡಿ" ಅಂತ ಬರೆದರೆ ಯಾವ ಕನ್ನಡಾಂಬೆಯೂ ಮುನಿಸಿಕೊಳ್ಳುವುದಿಲ್ಲ.

ಇನ್ನು ಕೆಲವರು ಪೇಟೆಯ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಪಾಂಪ್ಲೆಟಿನ ಫೈಲನ್ನೇ ಕಳಿಸುತ್ತಾರೆ. ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಕನ್ನಡ ಟೈಪ್ ಮಾಡುವ "ನುಡಿ", "ಬರಹ" ತಂತ್ರಾಂಶಗಳ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ವೇಷ ಕಳಚಿ ಬೀಳುತ್ತದೆ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ಅದರದೇ ಸಂಖ್ಯೆಗಳಿವೆ, ಹಾಗಾಗಿ ಈ ಗೋಳಿಲ್ಲ. ಹಳೇ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಸಿಗುತ್ತವೆ, ಬಳಸಿ. ಆದರೆ ಕಣ್ಣು ಮುಚ್ಚಿ ನಂಬಬೇಡಿ. ಅರ್ಕಾವತ್ತು ಇರುವ ಪದಗಳನ್ನು ಒಂದೊಂದೇ ಓದಿ.

ಇನ್ನೊಬ್ಬ ಕಳ್ಳ ಇದ್ದಾನೆ. ಅನುಸ್ವಾರ ಹಾಕಬೇಕಾದ ಕಡೆ ಕನ್ನಡದ ಸೊನ್ನೆ ಹಾಕುವುದು. "ಶೃಂಗೇರಿ" ಮತ್ತು "ಶೃ೦ಗೇರಿ", ಕಣ್ಣಿಗೆ ಹೆಚ್ಚುಕಮ್ಮಿ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ಒಂದು ಟೂರ್ ಪ್ಯಾಕೇಜ್ ಪುಟದಲ್ಲಿ ಶೃಂಗೇರಿ ಅಂತ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಎದುರಿಗೇ ಕಾಣುತ್ತಿದೆ, ಸಿಗುತ್ತಿಲ್ಲ! ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಸೊನ್ನೆ ಕಣ್ಣಿಗೆ ಬಿತ್ತು. ಆ ಪುಟವೊಂದರಲ್ಲೇ ಇಪ್ಪತ್ತಕ್ಕೂ ಜಾಸ್ತಿ ಸೊನ್ನೆಗಳಿದ್ದವು. ಈಗ ಯಾರ ಬರಹ ಬಂದರೂ ಮೊದಲು ೦ ಹುಡುಕಿ ಂ ಮಾಡುತ್ತೇನೆ. ಬೆಲೆಯ ಸೊನ್ನೆಗಳನ್ನು ಬಿಟ್ಟು, ಮತ್ತೆ. ಒಂದು ಸಲ ಅದನ್ನೂ ಬದಲಾಯಿಸಿ ರೂಮಿನ ಬಾಡಿಗೆ ಕೆಡಿಸಿದ್ದೆ.

ಬ್ಲಾಗ್ ಬರೆಯುವ ಗೆಳೆಯರಿಗೆ ಒಂದು ಮಾತು. ಬರಹದ ತಲೆಬರಹ ಕನ್ನಡದಲ್ಲೇ ಇರಲಿ, ಲಿಂಕ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ ಇಡಿ. ಲಿಂಕನ್ನು ಕಾಪಿ ಮಾಡಿದಾಗ ಕನ್ನಡದ ಒಂದೊಂದು ಅಕ್ಷರ, ಗುಣಿತದ ಚಿಹ್ನೆ, ಒತ್ತು ಮೂಡಿಸುವ ಹಲಂತದ ಚಿಹ್ನೆ (್) ಎಲ್ಲವೂ ಒಂಬತ್ತು ಒಂಬತ್ತು ಚಿಹ್ನೆಗಳಾಗಿ ಒಡೆಯುತ್ತವೆ. ಕೂತು ಎಣಿಸಿದ್ದೇನೆ, "ಚಿಕ್ಕಮಗಳೂರು" ಅನ್ನುವ ಒಂದೇ ಪದ 99 ಚಿಹ್ನೆ. ವಾಟ್ಸಾಪಿನಲ್ಲಿ ಅಂಥ ಲಿಂಕ್ ಬಂದರೆ ನಮ್ಮ ಅಪ್ಪ ಅದನ್ನು ವೈರಸ್ ಅಂತಲೇ ತಿಳಿಯುತ್ತಾರೆ.

ಫೋಟೋ ವಿಷಯ ಬರೆದರೆ ಇನ್ನೊಂದು ಪೋಸ್ಟ್ ಆಗುತ್ತದೆ. ಇಷ್ಟೇ: ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಚಿತ್ರ ಸವೆದು ಬರುತ್ತದೆ. ಸೈಟಿಗೆ ಹಾಕುವಾಗ ನಾವು ಅದನ್ನು ಕುಗ್ಗಿಸಲೇಬೇಕು. ಐದು ಎಂಬಿಯ ಹತ್ತು ಫೋಟೋ ಅಂದರೆ ಐವತ್ತು ಎಂಬಿ. ಜುಲೈ ಮಳೆಯಲ್ಲಿ ಕೊಟ್ಟಿಗೆಹಾರದ ಹತ್ತಿರ ಕಾರು ನಿಲ್ಲಿಸಿಕೊಂಡು ರೂಮು ಹುಡುಕುವವರು ಅದನ್ನು ಕಾಯುತ್ತಾರಾ? ಫೋನ್ ನಂಬರನ್ನಂತೂ ಚಿತ್ರದೊಳಗೆ ಬರೆಯಬೇಡಿ. ಚಿತ್ರ ಬರದಿದ್ದರೂ ನಂಬರ್ ಬರಬೇಕು, ಮುಟ್ಟಿದರೆ ಫೋನ್ ಹೋಗಬೇಕು.

ಈ ತಿಂಗಳಿನಿಂದ ಕೊಟೇಶನ್‌ನಲ್ಲಿ ಕನ್ನಡ ಪುಟಕ್ಕೆ ಬೇರೆ ಸಾಲು ಹಾಕಿ, ಬೇರೆ ದುಡ್ಡು ಬರೆಯುತ್ತಿದ್ದೇನೆ. ಮೊದಲು ಹೋಗಿದ್ದು ಕಾಫಿ ಪುಡಿ ಅಂಗಡಿಯವರೊಬ್ಬರಿಗೆ. ಓದಿ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. "ಅಲ್ಲ ಕಣಯ್ಯಾ, ನಮ್ಮ ಭಾಷೆಗೂ ದುಡ್ಡಾ?"

ಚಿಕಮಗಳೂರಿನ ಸ್ಕ್ರೀನ್‌ಶಾಟ್ ತೋರಿಸಿದೆ. ಸುಮಾರು ಹೊತ್ತು ನೋಡಿ, "ಒತ್ತು ಎಲ್ಲೋಯ್ತು?" ಅಂದರು. ಅದನ್ನು ಹುಡುಕಿ ಹಾಕುವುದಕ್ಕೇ ದುಡ್ಡು ಅಂದೆ. ಕಾಫಿ ತರಿಸಿದರು. ಅಡ್ವಾನ್ಸ್ ಇನ್ನೂ ಬಂದಿಲ್ಲ.