ಅಯ್ಯನವರ ಏಳು ತಿಂಗಳ ಸಂಬಳ

ಕಳೆದ ತಿಂಗಳು ನಮ್ಮ ಅಯ್ಯನವರನ್ನು ಮಣ್ಣು ಮಾಡಿ ಬಂದೆವು. ಎಂಬತ್ತು ದಾಟಿತ್ತು. ಧಾರವಾಡ ಸೀಮೆಯ ನಮ್ಮ ಕ್ರೈಸ್ತ ಸಭೆಗಳಲ್ಲಿ ಸಭಾಪಾಲಕರನ್ನು ಅಯ್ಯನವರು, ಅವರ ಹೆಂಡತಿಯನ್ನು ಅಮ್ಮನವರು ಎಂದೇ ಕರೆಯುವುದು ರೂಢಿ. ಎಲ್ಲರೂ ಹಿಡಿ ಮಣ್ಣು ಹಾಕಿ ಪಕ್ಕಕ್ಕೆ ಸರಿದು ನಿಂತಾಗ ಸಭೆಯ ಹಿರಿಯರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಇಲ್ಲಿ ಅವರಿಗೆ ಏನೂ ಸಿಗಲಿಲ್ಲ. ಪರಲೋಕದಲ್ಲಿ ಅವರ ಪ್ರತಿಫಲ ದೊಡ್ಡದಿದೆ" ಎಂದರು. ಆ ಮಾತು ನಿಜವೆಂದು ನಾನೂ ನಂಬುತ್ತೇನೆ. ಆದರೂ ಆಮೆನ್ ಎನ್ನಲು ನಾಲಿಗೆ ಏಳಲಿಲ್ಲ. ಇಲ್ಲಿ ಅವರಿಗೆ ಏನೂ ಸಿಗದಂತೆ ನೋಡಿಕೊಂಡವರಲ್ಲಿ ನಾವಿಬ್ಬರೂ ಇದ್ದೆವು.

ಹದಿನೆಂಟು ವರ್ಷಗಳ ಹಿಂದಿನ ಮಾತು. ನಾನು ಸಭೆಯ ಖಜಾಂಚಿ. ಆ ವರ್ಷ ಕಾಂಪೌಂಡ್ ಗೋಡೆ ಕಟ್ಟಿಸಿದೆವು, ಹೊಸ ಮೈಕ್ ಸೆಟ್ ತಂದೆವು. ಕೈ ಬಿಗಿಯಾಯಿತು. ಗುತ್ತಿಗೆದಾರ ಬಾಕಿಗಾಗಿ ದಿನವೂ ಬಂದು ನಿಲ್ಲುತ್ತಿದ್ದ, ಅಯ್ಯನವರು ಕೇಳುತ್ತಿರಲಿಲ್ಲ. ಕೇಳುವವನಿಗೆ ಕೊಟ್ಟೆವು, ಕೇಳದವರಿಗೆ ನಿಲ್ಲಿಸಿದೆವು. ಹೀಗೆ ಏಳು ತಿಂಗಳು. ಕಮಿಟಿಯಲ್ಲಿ ಯಾರೋ ಒಬ್ಬರು ಈ ವಿಷಯ ಎತ್ತಿದಾಗ ಇನ್ನೊಬ್ಬರು, "ಅವರು ಸೇವೆಗೆ ಬಂದವರು, ಸಂಬಳಕ್ಕೆ ಬಂದವರಲ್ಲ" ಎಂದರು. ಎಲ್ಲರೂ ತಲೆಯಾಡಿಸಿದೆವು. ನನ್ನ ಅಕ್ಷರದಲ್ಲಿಯೇ ಬರೆದ ಲೆಕ್ಕದ ಪುಸ್ತಕ ಈಗಲೂ ಕಚೇರಿಯ ಬೀರುವಿನಲ್ಲಿದೆ. ಆ ಏಳು ಸಾಲುಗಳಲ್ಲಿ "ಬಾಕಿ" ಎಂದು ಬರೆದದ್ದು ನಾನೇ. ಮುಂದೆ ಅರ್ಧ ಕೊಟ್ಟೆವು. ಉಳಿದರ್ಧವನ್ನು ಎಲ್ಲರೂ ಮರೆತೆವು. ಅಯ್ಯನವರು ನೆನಪಿಸಲಿಲ್ಲ.

ಅವರು ಆ ವರ್ಷವೂ ಪ್ರತಿ ಭಾನುವಾರ ಬೆಳಗಿನ ಆರಾಧನೆ ಮುಗಿಸಿ ಮಧ್ಯಾಹ್ನ ಸೈಕಲ್ ಹತ್ತಿ ಒಂದು ಸಣ್ಣ ಹಳ್ಳಿಗೆ ಹೋಗುತ್ತಿದ್ದರು. ಅಲ್ಲಿ ನಮ್ಮವರ ಮನೆಗಳು ನಾಲ್ಕು. ಒಮ್ಮೊಮ್ಮೆ ಹನ್ನೊಂದು ಜನ ಸೇರುತ್ತಿದ್ದರು, ಒಮ್ಮೊಮ್ಮೆ ಐದು. ಮಳೆಗಾಲದಲ್ಲಿ ಒಬ್ಬ ಮುದುಕಿ ಮಾತ್ರ. ಅವರು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ, ಬಂದವರ ಹೆಸರು ಬರೆದು, ಎದುರಿಗೆ ಅವರ ಕಷ್ಟವನ್ನು ಒಂದೆರಡು ಪದದಲ್ಲಿ ಗುರುತು ಮಾಡಿಕೊಳ್ಳುತ್ತಿದ್ದರು. ಎಮ್ಮೆ ಸತ್ತಿದೆ. ಮಗನಿಗೆ ಜ್ವರ. ಸೊಸೆ ತವರಿಗೆ ಹೋಗಿದ್ದಾಳೆ. ಆ ವಾರವೆಲ್ಲ ಪ್ರಾರ್ಥನೆಗೆ ಕೂತಾಗ ಅದೇ ಪುಸ್ತಕ ಅವರ ಮುಂದೆ. ನಿವೃತ್ತಿಯಾದ ಮೇಲೂ ಹೋದರು, ಸೈಕಲ್ ಬಿಟ್ಟು ಬಸ್ಸು ಹಿಡಿದರು. ಇಷ್ಟು ವರ್ಷವಾದರೂ ಆ ನಾಲ್ಕು ಮನೆ ಐದಾಗಲಿಲ್ಲ. ಬದಲಿಗೆ ಒಂದು ಮನೆಯವರು ದುಡಿಮೆ ಹುಡುಕಿ ಗೋವಾಕ್ಕೆ ಹೋದರು.

ನಾನು ಒಮ್ಮೆ ಅವರೊಡನೆ ಹೋಗಿದ್ದೆ. ಹಿಂದಿರುಗುವಾಗ ಬಸ್ಸಿಗೆ ಕಾಯುತ್ತ ಕಲ್ಲಿನ ಮೇಲೆ ಕೂತು, "ಅಯ್ಯನವರೇ, ಬೇಸರವಾಗುವುದಿಲ್ಲವೇ?" ಎಂದು ಕೇಳಿದೆ. ಅವರು ರೈತರ ಮಗ. ಎದುರಿನ ಹೊಲ ನೋಡುತ್ತ ಯೆರೆಮೀಯನು ಹೊಲ ಕೊಂಡ ಕಥೆ ಹೇಳಿದರು. ಬೈಬಲಿನ ಯೆರೆಮೀಯನ ಗ್ರಂಥದಲ್ಲಿ ಅದು ಮೂವತ್ತೆರಡನೆಯ ಅಧ್ಯಾಯ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ, ಪ್ರವಾದಿ ಅರಮನೆಯ ಕಾವಲಿನಲ್ಲಿ ಬಂದಿ. ಊರು ಬೀಳುತ್ತದೆ ಎಂದು ಸಾರಿದವನೇ ಅವನು. ಅಂಥ ದಿನದಲ್ಲಿ ಚಿಕ್ಕಪ್ಪನ ಮಗ ಬಂದು ಅನಾತೋತಿನ ಹೊಲ ಕೊಂಡುಕೋ ಎನ್ನುತ್ತಾನೆ. ಶತ್ರುವಿನ ಕೈಗೆ ಹೋಗಲಿರುವ ನೆಲ! ಯೆರೆಮೀಯನು 17 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ, ಸಾಕ್ಷಿಗಳ ಮುಂದೆ ಪತ್ರ ಮಾಡಿಸುತ್ತಾನೆ. ಮುದ್ರೆ ಹಾಕಿದ ಪ್ರತಿ, ತೆರೆದ ಪ್ರತಿ ಎರಡನ್ನೂ ತನ್ನ ಲಿಪಿಕಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯ ಮತ್ತೆ ನಡೆಯುವುದು ಎಂಬ ದೇವರ ಮಾತಿಗೆ ಅದು ಗುರುತು. ಆ ಹೊಲದಲ್ಲಿ ಅವನು ಬಿತ್ತಿದನೆಂಬ ಮಾತು ಎಲ್ಲಿಯೂ ಇಲ್ಲ. ಮುಂದೆ ಅವನನ್ನು ಐಗುಪ್ತಕ್ಕೆ ಒಯ್ದರು. "ನಾನು ಪತ್ರ ಮಾಡಿಸಿ ಇಡುವವನು. ಬಿತ್ತುವ ದಿನ ದೇವರಿಗೆ ಗೊತ್ತು" ಎಂದರು ಅಯ್ಯನವರು. ಅಷ್ಟರಲ್ಲಿ ಬಸ್ಸು ಬಂತು.

ನಿರೀಕ್ಷೆ ಎಂಬ ಪದವನ್ನು ಪ್ರಸಂಗದಲ್ಲಿ ನೂರಾರು ಸಲ ಕೇಳಿದ್ದೆ. ಅದಕ್ಕೆ ಬೆಲೆ ಕಟ್ಟಿ, ತೂಕ ಮಾಡಿ, ಮಡಕೆಯಲ್ಲಿ ಇಡಬಹುದು ಎಂಬುದು ಅಂದು ತಿಳಿಯಿತು.

ನಮ್ಮ ಮನೆಯಲ್ಲಿರುವ ಸತ್ಯವೇದದ ಹಿಂದೆಯೂ ಇಂಥವರ ಸಾಲೇ ಇದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಕಲಿಯುವುದೇ ಮೊದಲ ಕೆಲಸ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಹೊರಬಂದಾಗ 1831. ಎರಡು ದಶಕಗಳ ದುಡಿಮೆ. ಅದನ್ನು ಓದಿದ ಮುಂದಿನ ತಲೆಮಾರಿನವರು, ಭಾಷೆ ಸರಿಯಿಲ್ಲ, ತಿದ್ದಬೇಕು ಎಂದರು. ಆ ತಿದ್ದುವ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮುಖ್ಯರು. ಅವರು 1855ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡಾಗ ವಯಸ್ಸು ನಲವತ್ತೂ ಆಗಿರಲಿಲ್ಲ. ಇಡೀ ಪರಿಷ್ಕರಣೆ ಮುಗಿದದ್ದನ್ನು ಅವರು ನೋಡಲಿಲ್ಲ. ಮುಗಿಸಿದವರ ಕೆಲಸವನ್ನೂ ಆಮೇಲೆ ಬಂದವರು ತಿದ್ದಿದರು. ಈ ಉದ್ದಕ್ಕೂ ಪಕ್ಕದಲ್ಲಿ ಕೂತು, ಈ ಪದ ಹೀಗಲ್ಲ ಹಾಗೆ ಎಂದು ಹೇಳಿಕೊಟ್ಟ ಕನ್ನಡದ ಪಂಡಿತರು, ಮುನಷಿಗಳು ಎಷ್ಟೋ ಮಂದಿ. ಪುಸ್ತಕದ ಮೊದಲ ಪುಟದಲ್ಲಿ ಅವರ ಹೆಸರಿಲ್ಲ.

ಕಿಟ್ಟೆಲ್ ಅವರ ಹೆಸರು ಕ್ರೈಸ್ತರಲ್ಲದವರಿಗೂ ಗೊತ್ತು. 1853ರಲ್ಲಿ ಬಂದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಪದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯೂ ಇದೆ. ಬಾಸೆಲ್ ಮಿಷನ್ನಿನವರೇ ಆದ ಮೋಗ್ಲಿಂಗ್ ಅವರ "ಮಂಗಳೂರ ಸಮಾಚಾರ", ಕನ್ನಡದ ಮೊದಲ ಪತ್ರಿಕೆ, ಹೊರಟದ್ದು 1843ರ ಜುಲೈ 1ರಂದು. ಆ ಪತ್ರಿಕೆ ಬಹುಕಾಲ ಬಾಳಲಿಲ್ಲ, ಆದರೆ ಜುಲೈ 1 ಇಂದಿಗೂ ನಮಗೆ ಪತ್ರಿಕಾ ದಿನ. ಇದನ್ನು ತೋರಿಸಿ, "ನೋಡಿ, ನಿಷ್ಠೆಯಿಂದ ದುಡಿದವರ ಹೆಸರು ಉಳಿಯಿತು" ಎಂದು ನಮ್ಮ ವೇದಿಕೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಹೆಮ್ಮೆ ನನಗೂ ಇದೆ. ಆದರೆ ಕ್ರೈಸ್ತ ನಿರೀಕ್ಷೆ ಎಂದರೆ ಅದಲ್ಲ. ಪ್ರತಿಮೆಯೇ ಪ್ರತಿಫಲವಾದರೆ ವೈಗ್ಲೆಯವರಿಗೆ ಏನು ಸಿಕ್ಕಿತು? ಹೆಸರಿಲ್ಲದ ಮುನಷಿಗೆ ಏನು? ನಾಲ್ಕು ಮನೆಗಳ ಹಳ್ಳಿಗೆ ಸೈಕಲ್ ತುಳಿದವರಿಗೆ ಏನು? ಒಬ್ಬನು ನೆಟ್ಟನು, ಒಬ್ಬನು ನೀರೆರೆದನು, ಬೆಳೆಯಿಸಿದವನು ದೇವರು ಎಂದು ಅಪೊಸ್ತಲ ಪೌಲನು ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದದ್ದು ಇಂಥವರ ಸಲುವಾಗಿಯೇ. ಸತ್ತವರು ಎದ್ದುಬರುತ್ತಾರೆ, ಕರ್ತನು ಬರುತ್ತಾನೆ, ಅವನ ಕಣ್ಣಿಗೆ ಬೀಳದ ಕೆಲಸ ಒಂದೂ ಇಲ್ಲ. ಇದನ್ನು ನಂಬಿದವನು ತನ್ನ ಕೆಲಸವನ್ನು ಇನ್ನೊಬ್ಬರು ತಿದ್ದಿದರೂ ಕೊರಗಬೇಕಾಗಿಲ್ಲ.

ಪೇತ್ರನ ಮೊದಲ ಪತ್ರಿಕೆಯ ಐದನೆಯ ಅಧ್ಯಾಯವನ್ನು ಸಭಾಪಾಲಕರ ಅಭಿಷೇಕದ ದಿನ ಓದುವುದುಂಟು. ಮಂದೆಯನ್ನು ಕಾಯಿರಿ, ನೀಚವಾದ ಲಾಭದ ಆಸೆಯಿಂದಲ್ಲ, ದೊರೆತನ ಮಾಡುವವರಂತೆಯೂ ಅಲ್ಲ, ಮಂದೆಗೆ ಮಾದರಿಯಾಗಿರಿ. ಹಿರಿಯ ಕುರುಬನು, ಅಂದರೆ ಕ್ರಿಸ್ತನು, ಪ್ರತ್ಯಕ್ಷನಾದಾಗ ಬಾಡದ ಕಿರೀಟ ನಿಮ್ಮದಾಗುವುದು. ಕಿರೀಟದ ಮಾತು ಬರುವುದು ಹಣದ ಆಸೆ, ಅಧಿಕಾರದ ಆಸೆ ಎರಡನ್ನೂ ಹೆಸರಿಟ್ಟು ದೂರ ಮಾಡಿದ ಮೇಲೆ. ಇಂದು ನಮ್ಮ ಪಟ್ಟಣದ ಸರ್ಕಲ್ಲುಗಳಲ್ಲಿ ಸೇವಕರ ಆಳೆತ್ತರದ ಫ್ಲೆಕ್ಸ್‌ಗಳನ್ನು ನೋಡುವಾಗ, ಒಬ್ಬೊಬ್ಬರ ಹೆಸರಿನ ಹಿಂದೆ ಮೂರು ಮೂರು ಬಿರುದು ಓದುವಾಗ, ಪ್ರಾರ್ಥನೆಗೂ ದರ ಕಟ್ಟಿದ್ದನ್ನು ಕೇಳುವಾಗ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು. ಹಿರಿಯ ಕುರುಬನು ಬರುತ್ತಾನೆ ಎಂಬ ನಂಬಿಕೆ ಎಲ್ಲೋ ತೆಳುವಾಗಿದೆ. ಕೊಡುವವನು ಬರುವವರೆಗೆ ಕಾಯಲಾರದೆ, ಬಾಡುವ ಹೂವಿನ ಹಾರವನ್ನೇ ಕೊರಳಿಗೆ ಹಾಕಿಸಿಕೊಳ್ಳುತ್ತಿದ್ದಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಅರ್ಧ ಸತ್ಯವನ್ನಷ್ಟೇ ಹೇಳಿದಂತೆ. ನಿಸ್ವಾರ್ಥ ಸೇವೆಯ ಹೊಗಳಿಕೆ ಖಜಾಂಚಿಗಳಿಗೆ ಬಹಳ ಅನುಕೂಲ. ಪೌಲನು ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಮನೆಯಲ್ಲಿದ್ದು ಗುಡಾರ ಹೊಲಿದು ಬದುಕಿದನು. ನಾವು ಇದನ್ನು ಅಯ್ಯನವರುಗಳಿಗೆ ನೆನಪಿಸುತ್ತೇವೆ. ಅದೇ ಪೌಲನು ಅದೇ ಕೊರಿಂಥದವರಿಗೆ, ಸುವಾರ್ತೆ ಸಾರುವವರು ಸುವಾರ್ತೆಯಿಂದಲೇ ಜೀವನ ಮಾಡಬೇಕೆಂಬುದು ಕರ್ತನ ನೇಮಕ ಎಂದು ಬರೆದನು. ಹಕ್ಕು ಇದೆ ಎಂದು ಮೊದಲು ಸ್ಥಾಪಿಸಿ, ಆಮೇಲೆ ತಾನಾಗಿ ಅದನ್ನು ಬಿಟ್ಟುಕೊಟ್ಟನು. ಬಿಟ್ಟುಕೊಟ್ಟವನು ಅವನು, ಕಸಿದುಕೊಂಡದ್ದು ಕಮಿಟಿಯಲ್ಲ. ತ್ಯಾಗವನ್ನು ಒಬ್ಬನು ತನ್ನ ಹೆಗಲಿಗೆ ತಾನೇ ಹೊರಿಸಿಕೊಳ್ಳಬಹುದು. ಇನ್ನೊಬ್ಬರ ಹೆಗಲಿಗೆ ಹೊರಿಸಿದರೆ ಅದರ ಹೆಸರು ಅನ್ಯಾಯ. ತಡೆದಿಟ್ಟ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿ ಮುಟ್ಟುತ್ತದೆ ಎಂದು ಯಾಕೋಬನು ಬರೆದನು. ನಾನು ಆ ವಚನವನ್ನು ಜಮೀನ್ದಾರರ ಕುರಿತದ್ದು ಎಂದುಕೊಂಡು ಎಷ್ಟೋ ಸಲ ಓದಿದ್ದೇನೆ.

ಮಣ್ಣು ಮಾಡಿ ಬಂದ ರಾತ್ರಿ ಒಂದನೆಯ ಕೊರಿಂಥದ ಹದಿನೈದನೆಯ ಅಧ್ಯಾಯ ತೆರೆದೆ. ಪುನರುತ್ಥಾನದ ಅಧ್ಯಾಯ, 58 ವಚನ. ಕಡೆಯ ತುತೂರಿ, ನಾಶವಾಗುವುದು ನಾಶವಾಗದ್ದನ್ನು ಧರಿಸಿಕೊಳ್ಳುವುದು, ಮರಣವೇ ನಿನ್ನ ವಿಷದ ಕೊಂಡಿ ಎಲ್ಲಿ ಎಂಬ ಪ್ರಶ್ನೆ, ಕೊನೆಗೆ ಕರ್ತನಲ್ಲಿ ನೀವು ಪಡುವ ಪ್ರಯಾಸ ವ್ಯರ್ಥವಲ್ಲ ಎಂಬ ಮಾತು. ಶವಸಂಸ್ಕಾರದಲ್ಲಿ ಅಲ್ಲಿಗೆ ಪುಸ್ತಕ ಮುಚ್ಚುತ್ತೇವೆ. ಆ ರಾತ್ರಿ ಮುಚ್ಚದೆ ಮುಂದಿನ ಸಾಲು ಓದಿದೆ. ಅಧ್ಯಾಯಗಳ ವಿಂಗಡಣೆ ನೂರಾರು ವರ್ಷಗಳ ಆಮೇಲೆ ಬಂದದ್ದು, ಪೌಲನ ಪತ್ರದಲ್ಲಿ ಅದು ಇರಲಿಲ್ಲ. ಹಾಗಾದರೆ ಪುನರುತ್ಥಾನ ಮುಗಿದ ಉಸಿರಿನಲ್ಲಿಯೇ ಅವನು ಹೇಳುವುದೇನು? ಹಣ ಕೂಡಿಸುವ ವಿಷಯ. ಯೆರೂಸಲೇಮಿನ ದೇವಜನರಿಗಾಗಿ, ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ಗಂಟು ತೆಗೆದಿಡಲಿ, ನಾನು ಬಂದಾಗ ಕೂಡಿಸುವ ಗಡಿಬಿಡಿ ಬೇಡ. ಹಣ ಒಯ್ಯಲು ನೀವೇ ಒಪ್ಪಿದವರನ್ನು ಕಳುಹಿಸುತ್ತೇನೆ.

ನಾನು ದೀರ್ಘಕಾಲ ಹಾಳೆ ಮಗುಚದೆ ಕೂತೆ. ಸತ್ತವರು ಏಳುವ ದಿನವನ್ನು ಕಂಡವನು ಮರುಸಾಲಿನಲ್ಲಿ ಲೆಕ್ಕದ ಶಿಸ್ತು ಹೇಳುತ್ತಾನೆ. ನಾನೋ, ಆ ದಿನವನ್ನು ಹೇಳಿಕೊಂಡೇ ಲೆಕ್ಕದ ಶಿಸ್ತು ತಪ್ಪಿಸಿದೆ.

ಮರುದಿನ ಬೀರುವಿನಿಂದ ಹಳೆಯ ಪುಸ್ತಕ ತೆಗೆಸಿದೆ. ಉಳಿದ ಮೂರೂವರೆ ತಿಂಗಳ ಸಂಬಳ ಲೆಕ್ಕ ಹಾಕಿದೆ. ಆಗಿನ ಮೊತ್ತ ಇಂದಿಗೆ ಬಹಳ ಸಣ್ಣದು, ಅದನ್ನು ಹಾಗೆಯೇ ಕೊಡುವುದೂ ತಪ್ಪು ಎನಿಸಿತು. ಆಗಿನ ಕಮಿಟಿಯಲ್ಲಿದ್ದು ಈಗಲೂ ಬದುಕಿರುವ ಐವರು ಕೂಡಿ, ಇಂದಿನ ಸಂಬಳದ ಲೆಕ್ಕದಲ್ಲಿ ನಮ್ಮ ಕೈಯಿಂದಲೇ ಕೊಡಲು ಒಪ್ಪಿದೆವು. ಅಂದು ನನ್ನ ಹೆಗಲ ಮೇಲೆ ಕೈಯಿಟ್ಟ ಹಿರಿಯರೇ ಮೊದಲು ತಮ್ಮ ಪಾಲು ತೆಗೆದಿಟ್ಟರು, ಅದನ್ನು ಹೇಳಲೇಬೇಕು. ಇನ್ನು ಮುಂದೆ ತಿಂಗಳ ಐದನೆಯ ತಾರೀಖಿನೊಳಗೆ ಅಯ್ಯನವರ ಸಂಬಳ ಕೊಟ್ಟ ಮೇಲೆಯೇ ಬೇರೆ ಯಾವ ಬಿಲ್ಲಾದರೂ ಪಾವತಿಯಾಗಬೇಕು ಎಂದು ಈಗಿನ ಕಮಿಟಿ ಠರಾವು ಬರೆದುಕೊಂಡಿದೆ. ಬೇರೆ ಸಭೆಗಳ ಖಜಾಂಚಿಗಳು ಇದನ್ನು ಓದುತ್ತಿದ್ದರೆ, ದಯವಿಟ್ಟು ನಿಮ್ಮ ಪುಸ್ತಕವನ್ನೂ ಒಮ್ಮೆ ತೆರೆದು ನೋಡಿ.

ಲಕೋಟೆ ಹಿಡಿದು ಅಮ್ಮನವರ ಬಳಿ ಹೋದೆವು. ತಪ್ಪಾಯಿತು ಎಂದೆ. ಅವರು ಲಕೋಟೆಯನ್ನು ತೆಗೆದುಕೊಂಡು ಸತ್ಯವೇದದ ಕೆಳಗಿಟ್ಟರು. "ಆ ವರ್ಷ ಬಹಳ ಕಷ್ಟವಾಯಿತು" ಎಂದರು. ಅಷ್ಟೇ. ಇಲ್ಲ, ಏನೂ ಆಗಲಿಲ್ಲ ಎಂದು ಅವರು ಹೇಳಲಿಲ್ಲ, ಹೇಳದಿದ್ದದ್ದೇ ಒಳ್ಳೆಯದಾಯಿತು. ಚಹಾ ಕೊಟ್ಟರು. ಆಮೇಲೆ ಒಳಗೆ ಹೋಗಿ ಆ ನೋಟ್‌ಬುಕ್ಕು ತಂದು ನನ್ನ ಕೈಗಿತ್ತರು. ಅಯ್ಯನವರು ಡಿಸೆಂಬರ್ ಕೊನೆಯವರೆಗಿನ ಭಾನುವಾರಗಳ ದಿನಾಂಕವನ್ನು ಮೊದಲೇ ಬರೆದು, ಸ್ಕೇಲಿನಿಂದ ಗೆರೆ ಎಳೆದಿಟ್ಟಿದ್ದರು. "ಈ ಭಾನುವಾರ ಅಲ್ಲಿಗೆ ಯಾರು ಹೋಗುತ್ತೀರಿ?" ಎಂದು ಅಮ್ಮನವರು ಕೇಳಿದರು. ನಾವು ಐವರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಕಳೆದ ಎರಡು ಭಾನುವಾರ ನಾನು ಹೋಗಿ ಬಂದೆ. ಮೊದಲ ವಾರ ಆರು ಜನ, ಎರಡನೆಯ ವಾರ ನಾಲ್ವರು. ಪ್ರಸಂಗ ಮಾಡಲು ನನಗೆ ಬರುವುದಿಲ್ಲ, ಅಧ್ಯಾಯ ಓದಿ ಪ್ರಾರ್ಥಿಸಿದೆ, ಹೆಸರು ಬರೆದುಕೊಂಡೆ. ಮೊಣಕಾಲು ನೋವು ಇರುವುದರಿಂದ ಎಲ್ಲ ವಾರವೂ ನನ್ನಿಂದ ಆಗಲಾರದು. ನಮ್ಮ ಊರಿನವರು ಯಾರಾದರೂ ತಿಂಗಳಿಗೆ ಒಂದು ಭಾನುವಾರ ಹೋಗಬಲ್ಲಿರಾದರೆ ನನಗೆ ತಿಳಿಸಿ. ಬಸ್ಸು ಮಧ್ಯಾಹ್ನ ಎರಡೂವರೆಗೆ. ಇಳಿದ ಮೇಲೆ ಸುಮಾರು ಎರಡು ಕಿಲೋಮೀಟರ್ ನಡಿಗೆ, ದಾರಿಯಲ್ಲಿ ನೆರಳಿಲ್ಲ, ಕೊಡೆ ಇರಲಿ. ಬಸ್ ಚಾರ್ಜನ್ನು ಸಭೆಯೇ ಕೊಡುತ್ತದೆ, ಹೊರಡುವ ಮೊದಲೇ.